ಕಟಕಟ ಬರುವುದು ಎಲ್ಲಿಂದ?

ಎಂಜಿನ್ ಇನ್ನೂ ಗಟ್ಟಿ. ಬಾಡಿಗೂ ತುಕ್ಕು ಅಷ್ಟಾಗಿ ಹಿಡಿದಿಲ್ಲ. ಆದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಕಾರುಗಳು ಮಳೆಗಾಲ ಮುಗಿದದ್ದೇ ಗ್ಯಾರೇಜಿನ ಬಾಗಿಲಿಗೆ ಬರುತ್ತವೆ. ದೋಷ ಇರುವುದು ಯಾರೂ ಬಗ್ಗಿ ನೋಡದ ಜಾಗದಲ್ಲಿ: ಕೆಸರು ಮೆತ್ತಿದ ರಬ್ಬರ್ ಬುಷ್‌ಗಳಲ್ಲಿ, ಹೆಬ್ಬೆರಳಿನ ಗಾತ್ರದ ಕೀಲುಗಳಲ್ಲಿ!

"ಮುಂದಿಂದ ಕಟಕಟ ಹೇಳಿ ಶಬ್ದ ಬತ್ತು ಮಾರಾಯಾ."

"ಹೊಂಡಕ್ಕೆ ಇಳಿವಾಗ್ಲಾ, ತಿರುಗ್ಸುವಾಗ್ಲಾ?"

"ಹೊಂಡಕ್ಕೆ ಇಳಿದಾಗ. ಬ್ರೇಕ್ ಒತ್ತಿದ್ರೂ ಒಂದ್ಸಲ ಟಕ್ ಹೇಳ್ತು."

ಮೆಕ್ಯಾನಿಕ್ ಮತ್ತೇನೂ ಕೇಳುವುದಿಲ್ಲ. ಓಮ್ನಿಯ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಕೆರೆಯುತ್ತಾನೆ. ಇಡೀ ಮಳೆಗಾಲದ ಕೆಂಪು ಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಗಾಡಿಯ ಹಿಂದಿನ ಸೀಟು ಯಾವತ್ತೋ ಮನೆಯ ಅಟ್ಟ ಸೇರಿದೆ. ಆ ಜಾಗದಲ್ಲಿ ಅಡಿಕೆ ಚೀಲ, ಹಿಂಡಿ ಮೂಟೆ, ಗೊಬ್ಬರ ಎಲ್ಲವೂ ಓಡಾಡಿವೆ. ಮಣ್ಣು ಬಿದ್ದ ಮೇಲೆ ಕಾಣುವುದು ಒಂದು ಕಬ್ಬಿಣದ ತೋಳು, ಅದರ ತುದಿಯಲ್ಲಿ ಹರಿದು ಜೋತಾಡುವ ರಬ್ಬರ್.

ದೀಪಾವಳಿ ಕಳೆದು ಅಡಿಕೆ ಕೊನೆ ಕೊಯ್ಲು ಬಿರುಸಾಗುವ ಮೊದಲಿನ ಈ ವಾರಗಳಲ್ಲಿ ಘಟ್ಟದ ಮೇಲಿನ ಈ ಮೂರು ತಾಲೂಕುಗಳ ಯಾವ ಗ್ಯಾರೇಜಿನ ಮುಂದೆ ನಿಂತರೂ ಹೆಚ್ಚುಕಮ್ಮಿ ಇದೇ ಮಾತುಕತೆ. ಮಳೆ ನಿಂತಿದೆ, ಸಾಗಾಟ ಶುರುವಾಗಬೇಕಿದೆ. ಗಾಡಿ ರಿಪೇರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಇಲ್ಲಿ ಕಾರು ಶೋಕಿಯ ವಸ್ತುವಾದದ್ದು ಕಡಿಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಪೇಟೆಗಳಿಗೆ ಇವತ್ತಿಗೂ ರೈಲು ಬಂದಿಲ್ಲ. ತೋಟದ ಮನೆಗಳು ಕಣಿವೆಯಲ್ಲಿ, ಡಾಂಬರು ರಸ್ತೆ ಗುಡ್ಡದ ಮೇಲೆ. ನಡುವಿನದು ಜಂಬಿಟ್ಟಿಗೆ ಕಲ್ಲು ಎದ್ದ ಮಣ್ಣುರಸ್ತೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಲ್ಲಿ ಆ ರಸ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳವೂ ಹೌದು. ಹೊಸ ಕಾರನ್ನು ಇಂಥ ದಾರಿಗೆ ಇಳಿಸಲು ಮನಸ್ಸು ಒಪ್ಪದೆ ಹಳೆಯದನ್ನೇ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಬೆಂಗಳೂರಿನ ಮಗ ತಂದ ಕಾರು ಅಂಗಳದಲ್ಲಿ ನಿಂತಿರುತ್ತದೆ, ಹಾಲು ಡೇರಿಗೆ ಒಯ್ಯಲು ಕೆಎ-31 ನಂಬರಿನ ಹಳೆಯ ಗಾಡಿಯೇ ಹೊರಡುತ್ತದೆ.

ಮಣ್ಣುರಸ್ತೆ ದಾಟಿದರೆ ಘಟ್ಟ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಸಮುದ್ರಮಟ್ಟಕ್ಕೆ ಇಳಿಯುವ ಕೆಲಸದ ಬಹುಪಾಲು ದೇವಿಮನೆ ಘಟ್ಟದ ಕೆಲವೇ ಕಿಲೋಮೀಟರುಗಳಲ್ಲಿ ಮುಗಿಯುತ್ತದೆ. ಯಲ್ಲಾಪುರದವರಿಗೆ ಅಂಕೋಲೆ ದಾರಿಯ ಅರಬೈಲು, ಸಿದ್ದಾಪುರದವರಿಗೆ ದೊಡ್ಮನೆ. ಇಳಕಲಿನಲ್ಲಿ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಲೇ ಇರಬೇಕು. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಇನ್ನಷ್ಟು ವರ್ಷ ತಡೆಯಬಹುದಾದ ಸವೆದ ಕೀಲು ಇಲ್ಲಿ ಅಷ್ಟು ಕಾಲ ತಡೆಯುವುದಿಲ್ಲ.

ಎರಡು ಚಕ್ರ, ಎರಡು ಕೋನ

*ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಸಾಗುತ್ತದೆ. ಹಾಗಾಗಿ ಒಳಗಿನ ಚಕ್ರ ಹೆಚ್ಚು ಓರೆಯಾಗಬೇಕು. ಇಲ್ಲವಾದರೆ ಟಯರು ರಸ್ತೆಗೆ ತಿಕ್ಕಿ ಸವೆಯುತ್ತದೆ. ಇದಕ್ಕೆ ಉಪಾಯ ಕಂಡುಕೊಂಡವನು ಕಾರು ಹುಟ್ಟುವ ಎಷ್ಟೋ ಮೊದಲು ಬದುಕಿದ್ದ, ಮ್ಯೂನಿಕ್‌ನ ಕುದುರೆಗಾಡಿ ತಯಾರಕ ಗೆಯೋರ್ಗ್ ಲಾಂಕೆನ್‌ಸ್ಪೆರ್ಗರ್. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಪುಸ್ತಕ ಪ್ರಕಾಶಕ ರುಡಾಲ್ಫ್ ಅಕರ್‌ಮನ್. ಹೆಸರು ಉಳಿದದ್ದು ಪ್ರಕಾಶಕನದು: ಇವತ್ತಿಗೂ ಅದು 'ಅಕರ್‌ಮನ್ ಸ್ಟೀರಿಂಗ್'.*

ಈ ಭಾಗದಲ್ಲಿ ಓಡಿದ ಗಾಡಿಗಳ ಅಡಿಭಾಗ ಒಂದೇ ಥರದ್ದಲ್ಲ. ಮಹೀಂದ್ರಾ ಜೀಪಿನದು ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್. ಪ್ಲೇಟು ಮುರಿದರೆ ಬದಲಿಸಬೇಕು, ಶ್ಯಾಕಲ್ ಬುಷ್ ಸವೆದರೆ ಹಾಕಬೇಕು, ಗ್ರೀಸ್ ಹೊಡೆಯುತ್ತಿರಬೇಕು, ಅಷ್ಟೇ ವಿದ್ಯೆ. ಮುರಿದ ಪ್ಲೇಟೂ ವ್ಯರ್ಥವಲ್ಲ. ಸ್ಪ್ರಿಂಗಿನ ಉಕ್ಕು ಹದಕ್ಕೆ ಚೆನ್ನಾಗಿ ಬರುವುದರಿಂದ ಮಲೆನಾಡಿನ ಕುಲುಮೆಗಳಲ್ಲಿ ಜೀಪಿನ ಪ್ಲೇಟಿನ ಕತ್ತಿಗೆ ಬೇರೆಯೇ ಮರ್ಯಾದೆ.

ಅಂಬಾಸಿಡರ್ ಹೊರಗಿನಿಂದ ಎಷ್ಟು ಹಳೆಯದಾಗಿ ಕಂಡರೂ ಒಳಗೆ ಜಾಣ ಗಾಡಿ. ಮುಂದೆ ಸುರುಳಿ ಸ್ಪ್ರಿಂಗೇ ಇಲ್ಲ. ಉದ್ದದ ಉಕ್ಕಿನ ಸರಳು ತಿರುಚಿಕೊಂಡು ಆ ಕೆಲಸ ಮಾಡುತ್ತದೆ. ಮುಂಭಾಗ ಕುಗ್ಗಿದರೆ ಸರಳಿನ ಹಿಡಿತವನ್ನು ಸರಿಪಡಿಸಿ ಎತ್ತರ ತರಬಹುದಿತ್ತು. ಗ್ರೀಸ್ ನಿಪ್ಪಲ್ ಒಣಗಿಸಿದವರನ್ನು ಮಾತ್ರ ಅದು ಕ್ಷಮಿಸುತ್ತಿರಲಿಲ್ಲ. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ನಿಂತ ಮೇಲೆ ಅದರ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಪ್ರೀಮಿಯರ್ ಪದ್ಮಿನಿಯ ಕಥೆಯೂ ಅದೇ.

ಈಗ ಕಾಣುವ ಹಳೆಯ ಗಾಡಿಯೆಂದರೆ ಮಾರುತಿ. 1983ರ ಡಿಸೆಂಬರಿನಲ್ಲಿ ಬಂದ 800, ಮರುವರ್ಷ ಬಂದು ಮುಂದೆ ಓಮ್ನಿ ಎನಿಸಿಕೊಂಡ ವ್ಯಾನ್. ಮೊದಲನೆಯದು 2014ರಲ್ಲಿ ನಿಂತಿತು, ಎರಡನೆಯದು 2019ರಲ್ಲಿ. ಎರಡರ ಮುಂಭಾಗದಲ್ಲೂ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರ ಬ್ರಿಟಿಷ್ ಫೋರ್ಡ್ ಕಾರುಗಳಿಂದ ಜಗತ್ತಿಗೆ ಹಬ್ಬಿದ ಈ ಏರ್ಪಾಟಿನಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. ಮೇಲೆ ಆ ಕಂಬ, ಕೆಳಗೆ ಒಂದು ಲೋವರ್ ಆರ್ಮ್. ಬಿಡಿಭಾಗ ಕಡಿಮೆ, ಜಾಗ ಉಳಿತಾಯ, ಬೆಲೆಯೂ ಕಡಿಮೆ.

ಮಾರುತಿಯವರ ಉಳಿತಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡ ಸರಳನ್ನು ಗ್ಯಾರೇಜುಗಳಲ್ಲಿ 'ಜಂಪಿಂಗ್ ರಾಡ್' ಎನ್ನುತ್ತಾರೆ. 800ರಲ್ಲಿ ಅದಕ್ಕೆ ಎರಡು ಕೆಲಸ. ವಾಲುವುದನ್ನು ತಡೆಯುವುದರ ಜತೆಗೆ ಲೋವರ್ ಆರ್ಮ್ ಹಿಂದೆಮುಂದೆ ಸರಿಯದಂತೆ ಹಿಡಿದಿಡುವುದೂ ಅದೇ. ಅದರ ತುದಿಯ ರಬ್ಬರ್ ಬುಷ್ ಸವೆದರೆ ಬ್ರೇಕ್ ಒತ್ತಿದ ಕೂಡಲೇ ಚಕ್ರ ತುಸು ಹಿಂದೆ ಸರಿದು 'ಟಕ್' ಎನ್ನುತ್ತದೆ. ಕಾರು ಒಂದು ಬದಿಗೆ ಎಳೆಯುತ್ತದೆ. ಮಾಲೀಕ ಬ್ರೇಕ್ ಸರಿಯಿಲ್ಲವೆಂದು ಪ್ಯಾಡ್ ಬದಲಿಸುತ್ತಾನೆ, ಅಲೈನ್‌ಮೆಂಟ್ ಮಾಡಿಸುತ್ತಾನೆ, ಟಯರು ಅದಲುಬದಲು ಮಾಡಿಸುತ್ತಾನೆ. ಎಲ್ಲಕ್ಕಿಂತ ಅಗ್ಗದ ಬುಷ್‌ನ ಸರದಿ ಬರುವುದು ಕೊನೆಗೆ.

ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತದೆ ಪ್ರಶ್ನೆ ಕೇಳುವುದು ಇದಕ್ಕೇ. ಸಣ್ಣ ಹೊಂಡಗಳ ಮೇಲೆ ನಿಧಾನ ಹೋಗುವಾಗ ಕಟಕಟ ಎಂದರೆ ಮೊದಲ ಅನುಮಾನ ಬುಷ್‌ಗಳ ಮೇಲೆ, ಸ್ಟ್ರಟ್‌ನ ನೆತ್ತಿಯ ಮೌಂಟ್ ಮೇಲೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಮಾತ್ರ ಲಯಬದ್ಧವಾಗಿ ಕಟ್ ಕಟ್ ಎಂದರೆ 800ರಲ್ಲಿ ಅದು ಡ್ರೈವ್ ಶಾಫ್ಟಿನ ಜಾಯಿಂಟ್. ಓಮ್ನಿಯಲ್ಲಿ ಆ ಮಾತೇ ಇಲ್ಲ. ಅದು ಹಿಂದಿನ ಚಕ್ರಗಳಿಂದ ಓಡುವ ಗಾಡಿ. ವೇಗ ಏರಿದಂತೆ ಗುಂಯ್‌ಗುಡುವ ಸದ್ದು ಎಡತಿರುವಿನಲ್ಲಿ ಹೆಚ್ಚಿ ಬಲತಿರುವಿನಲ್ಲಿ ಇಳಿದರೆ, ಅಥವಾ ಅದರ ತಿರುಗುಮುರುಗಾದರೆ, ವೀಲ್ ಬೇರಿಂಗ್ ಹೋಗಿದೆ. ನೇರ ರಸ್ತೆಯಲ್ಲಿ ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಬ್ಯಾಲೆನ್ಸಿಂಗ್ ದೋಷ. ಮಣ್ಣುರಸ್ತೆಯಿಂದ ಬಂದ ಗಾಡಿಯಾದರೆ ರಿಮ್ಮಿನ ಒಳಗೆ ಒಣಗಿ ಕೂತ ಕೆಸರೂ ಇರಬಹುದು. ನೀರು ಹೊಡೆದು ತೊಳೆದರೆ ಅರ್ಧ ರಿಪೇರಿ ಮುಗಿಯಿತು!

ಸದ್ದಿನ ನಂತರ ಕೈ. ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಬೇಕು. ಲೂಸ್ ಕಂಡರೆ ಬಾಲ್ ಜಾಯಿಂಟೋ ಬೇರಿಂಗೋ ಎಂಬ ಪ್ರಶ್ನೆ. ಆಗ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳುವುದು. ಅಲ್ಲಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕೀಲು. 9 ಮತ್ತು 3ರ ಜಾಗದಲ್ಲಿ ಅಲ್ಲಾಡಿದರೆ ಟೈ ರಾಡ್ ಎಂಡ್ (ಸ್ಟೀರಿಂಗಿಗೂ ಚಕ್ರಕ್ಕೂ ನಡುವಿನ ಸರಳಿನ ತುದಿಯ ಕೀಲು) ಅಥವಾ ಸ್ಟೀರಿಂಗ್ ರ‍್ಯಾಕ್. ಇದಕ್ಕೆ ಯಂತ್ರ ಬೇಡ, ಎರಡು ಜತೆ ಕೈ ಸಾಕು.

ಬಾಲ್ ಜಾಯಿಂಟ್ ಎಂಬುದು ಭುಜದ ಕೀಲಿನಂಥದ್ದು: ಬಟ್ಟಲೊಳಗೆ ಗುಂಡು, ಸುತ್ತ ಗ್ರೀಸ್, ಹೊರಗೆ ರಬ್ಬರಿನ ಟೋಪಿ. ಅದನ್ನು ಕೊಲ್ಲುವುದು ಭಾರಕ್ಕಿಂತ ಹೆಚ್ಚಾಗಿ ಕೆಸರು. ಟೋಪಿಯಲ್ಲಿ ಉಗುರಗಲದ ಬಿರುಕು ಬಿಟ್ಟರೆ ಸಾಕು, ಕೆಂಪು ಮಣ್ಣಿನ ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಬರುತ್ತದೆ. ಆಮೇಲೆ ಒಳಗಿರುವುದು ಮರಳುಕಾಗದ. ಜೂನ್‌ನಲ್ಲಿ ಹರಿದ ಟೋಪಿ ದೀಪಾವಳಿಯ ಹೊತ್ತಿಗೆ ಕೀಲನ್ನೇ ತಿಂದಿರುತ್ತದೆ. ಪೂರ್ತಿ ಸವೆದ ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರು ಅಲ್ಲೇ ಕುಸಿಯುತ್ತದೆ. ಅಂಗಳದಲ್ಲಿ ಆದರೆ ಟೋಯಿಂಗ್ ಖರ್ಚು. ಅರಬೈಲಿನ ತಿರುವಿನಲ್ಲಿ ಆದರೆ ಏನೆಂದು ಬರೆಯಬೇಕಿಲ್ಲ.

ಕಾನೂನಿಗೂ ಗೊತ್ತು ರಬ್ಬರ್ ಟೋಪಿಯ ಬೆಲೆ

*ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ಬಗ್ಗೆಯೇ ಇದೆ. ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿ ಮೀರಿದ ಸಡಿಲು ಇರಕೂಡದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು, ಜೋಡಣೆಯ ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಎನ್ನುತ್ತದೆ ಅದು. 30 ಡಿಗ್ರಿ ಎಂದರೆ ಗಡಿಯಾರದ ಮುಳ್ಳಿನ ಐದು ನಿಮಿಷದ ಅಂತರ. ರ‍್ಯಾಕ್ ಸ್ಟೀರಿಂಗಿನ ಮಾರುತಿ ಅಷ್ಟು ಸಡಿಲಾಗುವ ಎಷ್ಟೋ ಮೊದಲೇ ಗ್ಯಾರೇಜಿಗೆ ಹೋಗಬೇಕು. 94ನೇ ನಿಯಮದ ಪ್ರಕಾರ ಕಾರಿನ ಟಯರಿನ ತೋಡುಗಳಲ್ಲಿ ಕನಿಷ್ಠ 1.6 ಮಿಲಿಮೀಟರ್ ಆಳ ಉಳಿದಿರಬೇಕು.*

ಇನ್ನು ಕೈಚಳಕದ ಮಾತು. ಹಳೆಯ ಕಾರಿನ ಸಸ್ಪೆನ್ಶನ್ ಕೆಲಸದಲ್ಲಿ ಬಿಡಿಭಾಗದಷ್ಟೇ ಬೆಲೆ ಕ್ರಮಕ್ಕೆ. ಲೋವರ್ ಆರ್ಮ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುವಾಗಲೇ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಗ ಬೈಗುಳ ಸ್ಪೇರ್ ಪಾರ್ಟ್ ಅಂಗಡಿಗೆ. ಬಲ್ಲವರು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರು ತನ್ನ ಭಾರದ ಮೇಲೆ ನಿಂತ ನಂತರ ಕೊನೆಯ ಬಿಗಿತ ಕೊಡುತ್ತಾರೆ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿ ಹೊಸದನ್ನು ಅಷ್ಟೇ ಸುತ್ತು ಒಳಗೆ ಕಳಿಸುತ್ತಾರೆ; ಅಲೈನ್‌ಮೆಂಟ್ ಅಂಗಡಿ ತಲುಪುವವರೆಗೆ ಗಾಡಿ ನೆಟ್ಟಗೆ ಹೋಗಬೇಕಲ್ಲ. ನಟ್ಟಿಗೆ ಹಾಕುವ ಸ್ಪ್ಲಿಟ್ ಪಿನ್ ಹಳೆಯದನ್ನೇ ಬಗ್ಗಿಸಿ ಹಾಕುವುದಿಲ್ಲ. ಶಾಕ್ ಅಬ್ಸಾರ್ಬರ್ ಒಂದೇ ಬದಿಯದು ಸೋರಿದ್ದರೂ ಜೋಡಿಯಾಗಿಯೇ ಬದಲಿಸುತ್ತಾರೆ.

ಸ್ಟ್ರಟ್ ಬಿಚ್ಚುವುದು ಮಾತ್ರ ಮನೆಯಂಗಳದ ಕೆಲಸವಲ್ಲ. ಅದರ ಸುರುಳಿ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲೇ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ನೆತ್ತಿಯ ನಟ್ ಬಿಚ್ಚಿದರೆ ಅದು ಸಿಡಿಯುತ್ತದೆ, ಎದುರಿಗಿದ್ದವರ ದವಡೆ ಉಳಿಯುವುದಿಲ್ಲ. ಹಾಗೆಯೇ ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತೂರುವುದೂ ಬೇಡ. ಮಳೆ ನೆನೆದ ಮಣ್ಣಿನ ಅಂಗಳದಲ್ಲಂತೂ ಬೇಡವೇ ಬೇಡ.

ಅಲೈನ್‌ಮೆಂಟ್ ಬರುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಅದೇ ಮೊದಲು ಬರುತ್ತದೆ, ಕಂಪ್ಯೂಟರ್ ಪರದೆಯ ಹಸಿರು-ಕೆಂಪು ಅಂಕಿಗಳ ಮೇಲಿನ ನಂಬಿಕೆ ಅಂಥದ್ದು. ಸವೆದ ಕೀಲಿನ ಗಾಡಿಗೆ ಮಾಡಿಸಿದ ಅಲೈನ್‌ಮೆಂಟ್ ಮೊದಲ ಹೊಂಡದವರೆಗೆ ಮಾತ್ರ. ಇನ್ನೊಂದು ವಿಷಯ: 800ರಲ್ಲಿ ತಿದ್ದಲು ಬರುವುದು ಟೋ ಒಂದೇ, ಅಂದರೆ ಎರಡು ಮುಂಚಕ್ರಗಳು ಒಂದಕ್ಕೊಂದು ಒಳಮುಖವೋ ಹೊರಮುಖವೋ ಎಂಬ ಲೆಕ್ಕ. ಚಕ್ರ ಮೇಲಿನಿಂದ ಕೆಳಕ್ಕೆ ವಾಲುವ ಕ್ಯಾಂಬರ್ ಕಾರ್ಖಾನೆಯಲ್ಲೇ ನಿಗದಿ. ಹಾಗಾಗಿ 'ಕ್ಯಾಂಬರ್ ಔಟ್ ಇದೆ' ಎಂದು ಪರದೆ ಹೇಳಿದರೆ ಅದರರ್ಥ ಏನೋ ಬಗ್ಗಿದೆ ಅಥವಾ ಸವೆದಿದೆ ಎಂದು: ಲೋವರ್ ಆರ್ಮೋ, ಸ್ಟ್ರಟ್ಟೋ. ಅದನ್ನು ಹುಡುಕದೆ ದುಡ್ಡು ತೆಗೆದುಕೊಂಡು ಕಳಿಸುವ ಅಂಗಡಿಗೆ ಎರಡನೇ ಸಲ ಹೋಗಬೇಕಿಲ್ಲ.

ಜೀಪಿನವರದು ಬೇರೆ ಚಟ. ಸ್ಟೀರಿಂಗ್ ಸಡಿಲಾದರೆ ಸ್ಟೀರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿಯುವುದು. ಸಡಿಲು ನಿಜವಾಗಿ ಇರುವುದು ಟೈ ರಾಡ್ ತುದಿಯಲ್ಲೋ ಕಿಂಗ್‌ಪಿನ್ನಿನಲ್ಲೋ. ಸ್ಕ್ರೂ ಅತಿಯಾಗಿ ಬಿಗಿದ ಬಾಕ್ಸ್ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ, ಒಳಗಿನ ಗೇರು ಬೇರೆ ಸವೆಯುತ್ತದೆ. ಮುಂಚಕ್ರಗಳೆರಡೂ ಗದಗದ ನಡುಗುವ ಕಾಯಿಲೆ ಅದರಿಂದ ಹೋಗುವುದೂ ಇಲ್ಲ.

ಓಮ್ನಿಗೆ ಹಿಂದೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸುವುದು, 800ರ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವುದು ಈ ಕಡೆಯ ಮತ್ತೆರಡು ಜನಪ್ರಿಯ ಉಪಾಯಗಳು. ಅಡಿಕೆ ಚೀಲ ಹೊರುವ ಓಮ್ನಿಗೆ ಪ್ಲೇಟು ಸೇರಿಸಿದ್ದನ್ನು ಒಪ್ಪಬಹುದು. ಖಾಲಿ ಓಡುವಾಗ ಹಿಂಬದಿ ಕುಪ್ಪಳಿಸುತ್ತದೆ ಎಂಬುದು ತಿಳಿದಿದ್ದರಾಯಿತು. ಬಫರ್ ಮಾತ್ರ ದಂಡ. ಕೆಳಗೆ ತಾಗುವುದು ಕೊಂಚ ಕಡಿಮೆಯಾಗುತ್ತದೆ ನಿಜ. ಆದರೆ ಸ್ಪ್ರಿಂಗ್ ನುಂಗಬೇಕಾದ ಏಟನ್ನು ಸ್ಟ್ರಟ್ ಮೌಂಟೂ ಬಾಡಿಯೂ ತಿನ್ನುತ್ತವೆ.

ಮಳೆಗಾಲಕ್ಕೆ ಮುಂಚೆ ಗಾಡಿಯಡಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ರೂಢಿಯೂ ಇದೆ. ತುಕ್ಕಿಗೆ ಅದು ಅಡ್ಡವೇ. ಆದರೆ ಎಣ್ಣೆ ಬಿದ್ದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬುಷ್‌ಗಳ ಆಯುಷ್ಯ ಕುಗ್ಗುತ್ತದೆ. ಬ್ರೇಕಿಗೆ ತಾಗಿದರಂತೂ ಅಪಾಯವೇ. ಚಾಸಿಗೆ ಬೇಕಿದ್ದರೆ ಬಳಿಯಿರಿ, ರಬ್ಬರಿಗೂ ಬ್ರೇಕಿಗೂ ತಾಗಿಸಬೇಡಿ.

ಅಂಗಳದಲ್ಲೇ ನೋಡಬಹುದು

*ಬಾನೆಟ್ಟಿನ ಮೂಲೆಯನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಜೀವಂತ. ಎರಡು ಮೂರು ಸಲ ತೂಗಿದರೆ ಅದರ ಕಾಲ ಮುಗಿದಿದೆ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ರಬ್ಬರ್ ಬೂಟುಗಳನ್ನು ನೋಡಿ. ಸುತ್ತಲೂ ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ಟಯರಿನ ಒಳ ಅಂಚನ್ನು ಕೈಯಿಂದ ಸವರಿ. ಹೊರಗಿನಿಂದ ಹೊಸದರಂತೆ ಕಾಣುವ ಟಯರು ಒಳಗೆ ತಂತಿ ಕಾಣುವಷ್ಟು ಸವೆದಿರುವುದುಂಟು.*

ಬಿಡಿಭಾಗದ ಚಿಂತೆ ಮಾರುತಿಯವರಿಗೆ ಅಷ್ಟಾಗಿ ಇಲ್ಲ. ಶಿರಸಿಯಲ್ಲಿ ಸಿಗದ್ದಕ್ಕೆ ಹುಬ್ಬಳ್ಳಿಯಿದೆ, ಸಿದ್ದಾಪುರದವರಿಗೆ ಸಾಗರವೂ ಹತ್ತಿರ. ಚಿಂತೆ ಇರುವುದು ನಕಲಿಯದು. ಕಂಪನಿ ಬುಷ್‌ಗೂ ಲೋಕಲ್ ಬುಷ್‌ಗೂ ನೋಟದಲ್ಲಿ ವ್ಯತ್ಯಾಸ ಕಾಣದು, ಬೆಲೆಯಲ್ಲಿ ಕಾಣುತ್ತದೆ. ಆದರೆ ಲೋಕಲ್ ಬುಷ್ ಕೂರಿಸಲು ಕೊಡುವ ಕೂಲಿಯೂ ಅಷ್ಟೇ, ಕಂಪನಿಯದಕ್ಕೂ ಅಷ್ಟೇ. ಒಂದೇ ವರ್ಷದಲ್ಲಿ ಎರಡು ಸಲ ಕೂಲಿ ಕೊಟ್ಟರೆ ಉಳಿದದ್ದೇನು?

ಹಳೆಯ ಕಾರನ್ನು ಇಟ್ಟುಕೊಳ್ಳುವ ಲೆಕ್ಕ ಈಚೆಗೆ ಬಿಗಿಯಾಗಿದೆ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬಹುದು. ಹಳೆಯ ಕಾರುಗಳ ಮೇಲಿನ ದೆಹಲಿಯ ನಿಷೇಧ ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಅಷ್ಟು ಕೊಟ್ಟು ಉಳಿಸಿಕೊಂಡ ಕಾರಿನ ಅಡಿಗೆ ಒಮ್ಮೆ ಟಾರ್ಚ್ ಬಿಡುವುದು ದೊಡ್ಡ ಮಾತಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡಿಸಬೇಕಿಲ್ಲ. ಜಂಪಿಂಗ್ ರಾಡಿನ ಮಧ್ಯದ ಬುಷ್ ಕಟಕಟ ಎನ್ನುತ್ತಾ ಒಂದಷ್ಟು ದಿನ ತಡೆಯುತ್ತದೆ, ದಣಿದ ಶಾಕ್ ಅಬ್ಸಾರ್ಬರಿನಲ್ಲಿ ಪೇಟೆಗೆ ನಿಧಾನವಾಗಿ ಹೋಗಿಬರಬಹುದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಎರಡಕ್ಕೆ ಮಾತ್ರ 'ಅಡ್ಡಿಲ್ಲೆ, ಮುಂದಿನ ಸಲ ನೋಡನ' ಎನ್ನಬೇಡಿ. ಅವುಗಳಲ್ಲಿ ಲೂಸ್ ಇದೆ ಎಂದು ಮೆಕ್ಯಾನಿಕ್ ಹೇಳಿದರೆ ಹೊಸದನ್ನು ಹಾಕಿಸಿ, ಸ್ಪ್ಲಿಟ್ ಪಿನ್ ಕೂತಿದೆಯೇ ಎಂದು ಬಗ್ಗಿ ನೋಡಿ. ಆಮೇಲೆ ಘಟ್ಟ ಇಳಿಯಿರಿ.